ಶುಶ್ರೂಷೆಯೂ ಕಾಯಕವೂ

ಶಿವಶರಣರ ಉಪದೇಶದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ವಿವರಿಸಬೇಕಾದುದಿಲ್ಲ. ಕಸ ಗುಡಿಸುವುದರಲ್ಲಿಯೂ ಹಗ್ಗ ಹೊಸೆಯುವುದರಲ್ಲಿಯೂ ಶಿವನನ್ನು ಕಂಡ ಮಹಾನುಭಾವರ ಪರಂಪರೆ ನಮ್ಮದು. ಆದರೆ ಈ ತತ್ತ್ವವನ್ನು ಬೋಧಿಸುವವರು ಎಂದಾದರೊಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ. ಕಾಯಕವೆಂಬ ಮಾತಿಗೆ ಕಾಯವೇ ಮೂಲ. ಕಾಯವನ್ನು ಆಶ್ರಯಿಸಿ ನಡೆಯತಕ್ಕದ್ದು ಕಾಯಕ. ಹಾಗಾದರೆ ಆ ಕಾಯವೇ ನೋವಿನಿಂದ ಬಳಲಿ ಕೈಸೋತಿರುವವನಿಗೆ ಯಾವ ಕಾಯಕ? ದುಡಿಯಲಾರದವನು ಈ ಧರ್ಮದ ಹೊರಗೆ ಉಳಿದವನೇ?

ಪ್ರಶ್ನೆ ಪುಸ್ತಕದ್ದಲ್ಲ, ಮನೆಮನೆಯದು. ನಮ್ಮ ಸೀಮೆಯನ್ನೇ ನೋಡೋಣ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂದವನ್ನು ನಾಡೆಲ್ಲ ಕೊಂಡಾಡುತ್ತದೆ. ಆ ಸೀರೆಯನ್ನು ನೇಯುವವನು ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು, ಬೆನ್ನು ಬಾಗಿಸಿ, ಕತ್ತು ತಗ್ಗಿಸಿ, ದಿನವಿಡೀ ಲಾಳಿಯನ್ನಾಡಿಸುತ್ತಾನೆ. ಚಳ್ಳಕೆರೆಯ ಕಡೆ ಕಂಬಳಿ ನೇಯುವವರಿದ್ದಾರೆ. ಸುಗ್ಗಿಯ ಬಿಸಿಲಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಶೇಂಗಾ ಬಿಡಿಸುವ ಹೆಂಗಸರಿದ್ದಾರೆ. ಇವರ ಬೆನ್ನಿನಲ್ಲಿ, ಹೆಗಲಿನಲ್ಲಿ, ಮಂಡಿಯಲ್ಲಿ ನೋವು ಮನೆಮಾಡಿಕೊಂಡಿರುತ್ತದೆ. ಹೊರಗೆ ಗಾಯವಿಲ್ಲ, ಬಾವು ಇಲ್ಲ, ಜ್ವರವಿಲ್ಲ. ಆದರೂ ಮಗ್ಗಕ್ಕಿಳಿಯಲಾಗದು, ಹೊಲಕ್ಕೆ ಹೋಗಲಾಗದು. ಇಂಥವರಿಗೆ ಲೋಕವು ಎರಡು ಬಗೆಯ ಉತ್ತರ ಕೊಡುತ್ತದೆ. ಒಂದು, “ಇವನಿಗೆ ನೋವೂ ಇಲ್ಲ, ಗೀವೂ ಇಲ್ಲ, ಇವನು ಮೈಗಳ್ಳ” ಎಂಬುದು. ಇನ್ನೊಂದು, “ಪಾಪ, ಇವನಿಂದೇನಾದೀತು? ಮೂಲೆಯಲ್ಲಿ ಕುಳಿತು ಎರಡು ಹೊತ್ತು ಉಣ್ಣಲಿ” ಎಂಬುದು. ಮೊದಲನೆಯದು ಕ್ರೌರ್ಯವೆಂದು ಎಲ್ಲರಿಗೂ ತೋರುತ್ತದೆ. ಎರಡನೆಯದು ದಯೆಯಂತೆ ತೋರುತ್ತದೆ. ಎರಡೂ ತಪ್ಪೆಂಬುದೇ ಪ್ರಕೃತ ಲೇಖನದ ಅಭಿಪ್ರಾಯ.

ಮೊದಲ ಉತ್ತರವನ್ನು ಪರೀಕ್ಷಿಸೋಣ. ಸಂಸ್ಕೃತದಲ್ಲಿ ನೋವಿಗೆ ವೇದನೆಯೆಂದು ಹೆಸರು. ಇದು ‘ವಿದ್’ ಧಾತುವಿನಿಂದ ಬಂದುದು. ವೇದವೆಂಬ ಶಬ್ದವೂ ಆ ಧಾತುವಿನದೇ. ಆ ಧಾತುವಿಗೆ ಅರಿಯುವುದೆಂದು ಅರ್ಥ. ಎಂದರೆ ನೋವು ಒಂದು ವಸ್ತುವಲ್ಲ, ಅದೊಂದು ಅರಿವು. ಅರಿವು ಅರಿತವನಲ್ಲಿಯೇ ಇರುವುದಲ್ಲದೆ ಪಕ್ಕದಲ್ಲಿ ನಿಂತವನಿಗೆ ಕಾಣುವುದು ಹೇಗೆ? ಗಾಯವನ್ನು ಅಳೆಯಬಹುದು, ಜ್ವರವನ್ನು ಅಳೆಯಬಹುದು. ವೇದನೆಯನ್ನು ಹೊರಗಿನಿಂದ ಅಳೆಯುವ ಕೋಲು ಈವರೆಗೆ ದೊರೆತಿಲ್ಲ. ಕಾಣಲಿಲ್ಲವಾದುದರಿಂದ ಇಲ್ಲವೆಂದು ಹೇಳುವುದು ತರ್ಕಕ್ಕೂ ವಿರುದ್ಧ, ಧರ್ಮಕ್ಕೂ ವಿರುದ್ಧ. ನೋವಿನ ಅಧ್ಯಯನಕ್ಕೆಂದೇ ಸ್ಥಾಪಿತವಾದ ಅಂತರರಾಷ್ಟ್ರೀಯ ವಿದ್ವತ್ಸಂಘವೊಂದುಂಟು. ಅದು 1979ರಲ್ಲಿ ನೋವಿಗೆ ಒಂದು ಲಕ್ಷಣವನ್ನು ನಿರೂಪಿಸಿ, 2020ರಲ್ಲಿ ಅದನ್ನು ಪರಿಷ್ಕರಿಸಿತು. ನೋವು ಯಾವಾಗಲೂ ಅವರವರ ಸ್ವಂತ ಅನುಭವವೆಂದೂ, ನೋವಾಗುತ್ತಿದೆಯೆಂದು ಒಬ್ಬನು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂದೂ, ಬಾಯಿಬಿಟ್ಟು ಹೇಳಲಾರದವನಿಗೂ ನೋವು ಇರಬಹುದೆಂದೂ ಆ ಪರಿಷ್ಕಾರದ ತಾತ್ಪರ್ಯ. ಶಾಸ್ತ್ರಜ್ಞರು ಯಂತ್ರಗಳ ನಡುವೆ ಕುಳಿತು ಇಷ್ಟುಕಾಲ ವಿಚಾರಮಾಡಿ ಕೊನೆಗೆ ಬಂದು ನಿಂತದ್ದು “ಅವನ ಮಾತನ್ನು ಕೇಳು” ಎಂಬ ಸ್ಥಳಕ್ಕೆ.

ಈ ಸ್ಥಳ ನಮಗೆ ದೂರದ್ದಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಮಹಾರಾಜನ ಶಾಸನವಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಲೋಕಕ್ಕೆ ತಿಳಿಸಿದರು. ಸಮೀಪದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿಯೂ ಅದೇ ಶಾಸನದ ಪಾಠಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಲಿಪಿ ನಮ್ಮ ನಾಡಿನಲ್ಲಿ ದೊರೆತಿರುವ ಅತಿ ಪ್ರಾಚೀನ ಬರಹಗಳ ಸಾಲಿನದು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯದು. ಆಜ್ಞೆಯನ್ನು ಹೇಳುವುದಕ್ಕೆ ಮೊದಲು ಅವರು ಆ ಅಧಿಕಾರಿಗಳಿಗೆ ಆರೋಗ್ಯವನ್ನು ಕೋರುತ್ತಾರೆ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಸದ್ಗತಿ ಸಾಧ್ಯವೆಂಬ ಭರವಸೆ ಅನಂತರ ಬರುತ್ತದೆ. ಮುಂದೆ ಧರ್ಮದ ಗುಣಗಳನ್ನು ಎಣಿಸುವಾಗ ತಂದೆತಾಯಿಗಳ ಶುಶ್ರೂಷೆಯನ್ನು ಮೊದಲು ಹೇಳಿ, ಪ್ರಾಣಿಗಳಲ್ಲಿ ದಯೆಯನ್ನೂ ಸತ್ಯವಚನವನ್ನೂ ಅದರೊಡನೆ ಸೇರಿಸಿದೆ.

ಆ ಶುಶ್ರೂಷೆಯೆಂಬ ಶಬ್ದದ ಮೇಲೆ ವಾಚಕರು ಕ್ಷಣಕಾಲ ಮನಸ್ಸಿಡಬೇಕು. ಇಂದು ನಾವು ಅದನ್ನು ರೋಗಿಯ ಆರೈಕೆಯೆಂಬ ಅರ್ಥದಲ್ಲಿ ಬಳಸುತ್ತೇವೆ. ವ್ಯಾಕರಣದ ರೀತಿಯಲ್ಲಿ ಅದು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪ; ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಹಿರಿಯರ ಮಾತನ್ನು ಕೇಳಬಯಸುವುದು ಅವರ ಸೇವೆಯಾಯಿತು. ಸೇವೆಯೆಂಬ ಅರ್ಥವೇ ಮುಂದೆ ರೋಗಿಯ ಆರೈಕೆಗೂ ಸಂದಿತು. ಶಬ್ದವು ನಡೆದುಬಂದ ಈ ದಾರಿಯಲ್ಲಿ ಒಂದು ಉಪದೇಶವಡಗಿದೆ. ಕೇಳುವ ಇಚ್ಛೆಯಿಲ್ಲದವನು ಗಂಜಿ ಕುಡಿಸಿದರೂ ಎಣ್ಣೆ ತಿಕ್ಕಿದರೂ ಅದು ಉಪಚಾರವಾದೀತು, ಶುಶ್ರೂಷೆಯಾಗದು. ನಮ್ಮ ವೈದ್ಯಶಾಸ್ತ್ರವೂ ಇದನ್ನೇ ಅನುಮೋದಿಸುತ್ತದೆ. ದರ್ಶನ, ಸ್ಪರ್ಶನ, ಪ್ರಶ್ನ ಎಂದು ರೋಗಪರೀಕ್ಷೆಗೆ ಮೂರು ಮುಖಗಳು. ನೋಡುವುದು ಮುಟ್ಟುವುದು ಎರಡೇ ಸಾಲದು, ಕೇಳಬೇಕು. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ರೋಗಿಯನ್ನೂ ಒಂದು ಪಾದವಾಗಿ ಎಣಿಸಿದ ಚರಕನು, ತನ್ನ ಬೇನೆಯನ್ನು ತಿಳಿಯಹೇಳುವ ಶಕ್ತಿಯನ್ನು ಅವನ ಗುಣಗಳಲ್ಲಿ ಸೇರಿಸಿದ್ದಾನೆ. ಹೇಳುವುದು ರೋಗಿಯ ಗುಣವಾದರೆ ನಂಬಿ ಕೇಳುವುದು ಕೇಳುವವನ ಧರ್ಮವಾಗುತ್ತದೆ.

ಕೇಳುವುದರಿಂದಲೇ ಶಾಸ್ತ್ರ ಹುಟ್ಟಬಹುದೆಂಬುದಕ್ಕೆ ಕೆನಡಾ ದೇಶದ ರೊನಾಲ್ಡ್ ಮೆಲ್ಜಾಕ್ ಅವರ ಜೀವನ ಸಾಕ್ಷಿ. 1929ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಈ ಮನಶ್ಶಾಸ್ತ್ರಜ್ಞರು ತರುಣರಾಗಿದ್ದಾಗ, ಕಾಲು ಕತ್ತರಿಸಲ್ಪಟ್ಟ ಒಬ್ಬ ಹೆಂಗಸು ಇಲ್ಲದ ಆ ಕಾಲಿನಲ್ಲಿಯೇ ಪಡುತ್ತಿದ್ದ ನೋವನ್ನು ವರ್ಣಿಸುವುದನ್ನು ಕೇಳಿದರು. ಇಲ್ಲದ ಕಾಲಿಗೆ ನೋವೆಲ್ಲಿಯದೆಂದು ನಗಲಿಲ್ಲ. ಆಕೆಯ ಮಾತುಗಳನ್ನು ಬರೆದುಕೊಂಡರು. ಬೇರೆ ರೋಗಿಗಳ ಮಾತುಗಳನ್ನೂ ಕೂಡಿಸುತ್ತ ಹೋದರು. 1975ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಶಬ್ದಗಳು 20 ಗುಂಪುಗಳಾಗಿ ವಿಂಗಡವಾಗಿವೆ. ಅದು ಲೋಕದ ಅನೇಕ ಭಾಷೆಗಳಿಗೆ ಇಳಿದಿದೆ. ಕನ್ನಡವೇನೂ ಈ ವಿಷಯದಲ್ಲಿ ಬಡವಲ್ಲ. ಉರಿ, ಇರಿತ, ಸೆಳೆತ, ಸಿಡಿತ, ಕೊರೆತ, ಹಿಂಡು, ನುಲಿ, ಚುಚ್ಚು, ಜೋಮು, ಶೂಲೆ, ಕಡಿತ — ಒಂದೊಂದೂ ಬೇರೆಯ ನೋವು. ನಮ್ಮ ಹಳ್ಳಿಯ ಅಜ್ಜಿಯು “ಬೆನ್ನು ಸೆಳೀತದೆ” ಎನ್ನುವುದಕ್ಕೂ “ಬೆನ್ನು ಉರೀತದೆ” ಎನ್ನುವುದಕ್ಕೂ ವ್ಯತ್ಯಾಸವಿದೆ. ಕೇಳುವ ಕಿವಿಯಿದ್ದರೆ ಆ ವ್ಯತ್ಯಾಸವೇ ರೋಗನಿರ್ಣಯಕ್ಕೆ ದಾರಿತೋರೀತು.

ಇದೇ ಮೆಲ್ಜಾಕ್ ಅವರು ಪ್ಯಾಟ್ರಿಕ್ ವಾಲ್ ಎಂಬ ಇಂಗ್ಲಿಷ್ ವಿಜ್ಞಾನಿಯೊಡನೆ ಸೇರಿ 1965ರಲ್ಲಿ ನೋವಿನ ಬಗೆಗೆ ಒಂದು ಹೊಸ ಸಿದ್ಧಾಂತವನ್ನು ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಬಗೆಯ ಬಾಗಿಲಿದ್ದಂತೆ ವ್ಯವಸ್ಥೆಯಿದ್ದು, ಮೈಯಿಂದ ಮಿದುಳಿಗೆ ಹೋಗುವ ಸುದ್ದಿಯನ್ನು ಅದು ಹೆಚ್ಚಾಗಿಯೋ ಕಡಿಮೆಯಾಗಿಯೋ ಒಳಬಿಡುತ್ತದೆಂದೂ, ಮಿದುಳಿನಿಂದ ಇಳಿದುಬರುವ ಆಜ್ಞೆಗಳೂ ಆ ಬಾಗಿಲನ್ನು ತೆರೆದು ಮುಚ್ಚುತ್ತವೆಂದೂ ಅದರ ಸಾರ. ಮಂಡಿ ತಗುಲಿದ ಮಗುವಿಗೆ ತಾಯಿ ಆ ಜಾಗವನ್ನು ನೀವಿದರೆ ನೋವು ಶಮನವಾಗುವುದೇಕೆಂಬುದು ಇದರಿಂದ ತಿಳಿಯುತ್ತದೆ. ಭಯ, ಒಂಟಿತನ, ನಿರಾಶೆಗಳು ನೋವನ್ನು ಹೆಚ್ಚಿಸುವುದೂ, ಧೈರ್ಯ, ಆಸಕ್ತಿ, ಜನರ ಸಂಗ ಅದನ್ನು ತಗ್ಗಿಸುವುದೂ ಅರ್ಥವಾಗುತ್ತದೆ. ಆ ಬಾಗಿಲಿನ ವಿವರಗಳನ್ನು ಅನಂತರದ ಸಂಶೋಧಕರು ಎಷ್ಟೋ ತಿದ್ದಿದ್ದಾರೆ. ಮನಸ್ಸೂ ಮೈಯೂ ನೋವಿನಲ್ಲಿ ಬೇರೆಬೇರೆಯಲ್ಲವೆಂಬ ಮೂಲದ ಮಾತು ನಿಂತಿದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಮನಸ್ಸಿನಿಂದ ನೋವು ಏರಿಳಿಯುತ್ತದೆಯೆಂದ ಮಾತ್ರಕ್ಕೆ ನೋವು ಬರಿಯ ಕಲ್ಪನೆಯೆಂದು ತಿಳಿಯಕೂಡದು. ಗಾಳಿಯಿಂದ ದೀಪ ಅಲುಗುತ್ತದೆಯೆಂದು ದೀಪವೇ ಸುಳ್ಳೆನ್ನುವವರುಂಟೇ?

ಇನ್ನು ಎರಡನೆಯ ಉತ್ತರ. ನೋವುಳ್ಳವನನ್ನು ನಂಬಿದೆವು, ನಂಬಿ ಮೂಲೆಯಲ್ಲಿ ಕೂರಿಸಿದೆವು. ಇದರಿಂದ ಅವನಿಗೆ ಸುಖವಾಯಿತೇ? ಕೆಲಸವಿಲ್ಲದ ಮೈ ಬಿಗಿಯುತ್ತದೆ, ಸ್ನಾಯುಗಳು ಕುಗ್ಗುತ್ತವೆ; ಬೇರೆ ಚಿಂತೆಯಿಲ್ಲದ ಮನಸ್ಸಿಗೆ ನೋವೊಂದೇ ಸಂಗಾತಿಯಾಗುತ್ತದೆ. ಮಗನು ಅವನನ್ನು ಕೇಳದೆ ಹೊಲ ಮಾರುತ್ತಾನೆ, ಸೊಸೆ ಅವನನ್ನು ಕೇಳದೆ ಹಬ್ಬದ ಅಡುಗೆ ಮಾಡುತ್ತಾಳೆ. ಅನ್ನ ದೊರೆಯಿತು, ಆದರೆ ಅವನು ಬೇಕಾದವನೆಂಬ ಭಾವ ಹೋಯಿತು. ಈ ಅನರ್ಥವನ್ನು ಕಂಡವರೇ ಕೆಲಸವನ್ನೇ ಔಷಧವಾಗಿ ಕೊಡುವ ಶಾಸ್ತ್ರವೊಂದನ್ನು ಕಟ್ಟಿದರು. ಇಂಗ್ಲಿಷಿನಲ್ಲಿ ಅದನ್ನು ಆಕ್ಯುಪೇಷನಲ್ ಥೆರಪಿಯೆನ್ನುತ್ತಾರೆ. ನಾವು ಔದ್ಯೋಗಿಕ ಚಿಕಿತ್ಸೆಯೆನ್ನಬಹುದು. 1917ರಲ್ಲಿ ಅಮೆರಿಕದಲ್ಲಿ ಈ ಶಾಸ್ತ್ರದ ಮೊದಲ ಸಂಘ ಕೂಡಿದುದು ಜಾರ್ಜ್ ಬಾರ್ಟನ್ ಎಂಬವರ ಮನೆಯಲ್ಲಿ. ಅವರು ಕಟ್ಟಡದ ನಕ್ಷೆ ತಯಾರಿಸುವ ವೃತ್ತಿಯವರು. ಕ್ಷಯದಿಂದ ನರಳಿ, ಮೈಯ ಎಡಭಾಗದ ಸ್ವಾಧೀನ ಕಳೆದುಕೊಂಡು, ಮತ್ತೆ ಕೈಗೆಲಸ ಮಾಡುತ್ತಲೇ ಚೇತರಿಸಿಕೊಂಡವರು. ಹೀಗೆ ಈ ಶಾಸ್ತ್ರದ ಮೊದಲ ಆಚಾರ್ಯರಲ್ಲಿ ಒಬ್ಬರು ಸ್ವತಃ ರೋಗಿಯಾಗಿದ್ದವರು.

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್‌ಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯೆಂಬ ಹೆಸರಿನಿಂದ ಹುಟ್ಟಿದ ಇವರು ಭಾರತೀಯರೊಬ್ಬರ ಕೈಹಿಡಿದು, 1930ರಲ್ಲಿ ಈ ದೇಶಕ್ಕೆ ಬಂದು, ಇಲ್ಲಿಯವರೇ ಆದರು. ಮಧ್ಯವಯಸ್ಸಿನಲ್ಲಿ ಹುಟ್ಟಿದ ದೇಶಕ್ಕೆ ಮರಳಿ, ವಿದ್ಯಾರ್ಥಿನಿಯಾಗಿ ಕುಳಿತು ಈ ಚಿಕಿತ್ಸೆಯನ್ನು ಕಲಿತರು. 1950ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆಯನ್ನು ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವನ್ನು ಕಟ್ಟಿದರು. ಅದೇ ವರ್ಷ ಜಾಗತಿಕ ಒಕ್ಕೂಟವು ಹುಟ್ಟಿದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಯಿತು. ಸ್ವಾತಂತ್ರ್ಯ ಬಂದು ಐದು ವರ್ಷವಾಗಿದ್ದ ಬಡದೇಶದ ಪಾಲಿಗೆ ಇದು ಸಣ್ಣ ಮಾತಲ್ಲ. ತಾವೊಬ್ಬರೇ ನೂರು ರೋಗಿಗಳನ್ನು ನೋಡುವುದಕ್ಕಿಂತ, ನೂರು ಜನರಿಗೆ ವಿದ್ಯೆಯನ್ನು ಕಲಿಸುವುದು ಮೇಲೆಂದು ಅಧ್ಯಾಪನವನ್ನೇ ಅವರು ಆರಿಸಿಕೊಂಡಂತೆ ತೋರುತ್ತದೆ. ಇಂದು ಕರ್ನಾಟಕದಲ್ಲಿಯೂ ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳಿವೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಈ ವೃತ್ತಿಯವರನ್ನು ಆರೋಗ್ಯವೃತ್ತಿಗಳ ಪಟ್ಟಿಯಲ್ಲಿ ಎಣಿಸಿದೆ.

ಈ ಶಾಸ್ತ್ರದಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವೆಂದಷ್ಟೇ ಅರ್ಥವಲ್ಲ. ಸ್ನಾನ, ಊಟ, ತಲೆ ಬಾಚುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಪೂಜೆ, ನೇಯ್ಗೆ — ಮನುಷ್ಯನ ದಿನವನ್ನು ತುಂಬಿ ಅದಕ್ಕೆ ಅರ್ಥ ಕೊಡುವುದೆಲ್ಲವೂ ಉದ್ಯೋಗವೇ. ಆದುದರಿಂದ ಈ ಚಿಕಿತ್ಸಕರು ಮೊದಲು ಕೇಳುವ ಪ್ರಶ್ನೆ “ನಿನಗೇನು ರೋಗ?” ಎಂಬುದಲ್ಲ, “ನೀನು ಮತ್ತೆ ಏನನ್ನು ಮಾಡಬಯಸುತ್ತೀಯೆ?” ಎಂಬುದು. ಪಾರ್ಶ್ವವಾಯುವಿನಿಂದ ಎಡಗೈ ಬಿಗಿದುಕೊಂಡಿರುವ ಒಬ್ಬ ಶರಣಭಕ್ತನನ್ನು ಭಾವಿಸೋಣ. ಅವನನ್ನು ಹೀಗೆ ಕೇಳಿದರೆ “ಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸಬೇಕು” ಎಂದಾನು. ಆಗ ಅದೇ ಚಿಕಿತ್ಸೆಯ ಗುರಿ. ಮುಂಗೈಗೆ ಮೆತ್ತೆಯ ಆಸರೆ ಕೊಟ್ಟು, ಬೆರಳುಗಳನ್ನು ದಿನವೂ ಮೆಲ್ಲಗೆ ಬಿಡಿಸಿ, ಹಗುರವಾದ ವಸ್ತುವನ್ನು ಮೊದಲು ಹಿಡಿಸಿ, ಕ್ರಮವಾಗಿ ಅಂಗೈಯನ್ನು ಸಿದ್ಧಗೊಳಿಸುವುದು, ಅದಾಗದಿದ್ದರೆ ಬಲಗೈಯ ನೆರವಿನಿಂದಲೋ ಸಣ್ಣದೊಂದು ಪೀಠದಿಂದಲೋ ಪೂಜೆ ಸಾಗುವಂತೆ ಮಾಡುವುದು — ಇವು ಆ ಶಾಸ್ತ್ರದ ರೀತಿಗಳು. ಕೈಗಾಗಿ ಕೈಯನ್ನು ತಿದ್ದುವುದಲ್ಲ. ಕೈ ಯಾವುದಕ್ಕಾಗಿ ಇತ್ತೋ ಅದನ್ನು ಮರಳಿ ಕೊಡುವುದು.

ನಮ್ಮ ರಾಜ್ಯದಲ್ಲಿಯೇ, ಸ್ವತಃ ಅಂಗವೈಕಲ್ಯವಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿ, ಯಂತ್ರದ ಕೆಲಸವನ್ನೂ ತೋಟಗಾರಿಕೆಯನ್ನೂ ಕಲಿಸುವ ಏರ್ಪಾಡಿಗೆ ದಾರಿಮಾಡಿದರು. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು, ಕುಷ್ಠರೋಗಿಯ ಬೆರಳುಗಳು ಸವೆಯುವುದು ಬಹುಮಟ್ಟಿಗೆ ನೋವಿನ ಅರಿವು ಹೋದುದರಿಂದಲೆಂದು ತೋರಿಸಿದರು. ಬಿಸಿ ಪಾತ್ರೆಯನ್ನು ಹಿಡಿದರೂ ಬಿಡಬೇಕೆಂದು ತಿಳಿಯದ ಕೈ ಸುಟ್ಟುಹೋಗುತ್ತದೆ. ಕೈಗಳನ್ನು ಸರಿಪಡಿಸಿದ ಮೇಲೆ ಆ ಜನರು ಮತ್ತೆ ಕಸಬನ್ನು ಕಲಿಯುವಂತೆ ಒಂದು ಸಣ್ಣ ವಸತಿಯನ್ನೂ ಅವರು ಮಾಡಿದರು. ನೋವು ಶತ್ರುವಷ್ಟೇ ಅಲ್ಲ, ಕಾವಲುಗಾರನೂ ಹೌದೆಂಬುದು ಇದರಿಂದ ತಿಳಿಯುವ ಮಾತು. ಆದರೆ ಅಪಾಯ ಕಳೆದ ಮೇಲೆಯೂ ಕೂಗು ನಿಲ್ಲಿಸದ ಕಾವಲುಗಾರನುಂಟು. ಮೂರು ತಿಂಗಳಿಗೂ ಮೀರಿ ಉಳಿಯುವ ದೀರ್ಘಕಾಲದ ನೋವು ಅನೇಕ ವೇಳೆ ಇಂಥದು.

ಇಲ್ಲಿ ಒಂದು ಪೂರ್ವಪಕ್ಷ ಏಳಬಹುದು: “ಕೆಲಸವೇ ಔಷಧವೆಂದರೆ ಧಣಿಗಳಿಗೆ ಒಳ್ಳೆಯ ನೆಪ ಸಿಕ್ಕಿತು. ನರಳುವವನನ್ನೂ ಮಗ್ಗಕ್ಕೆ ಇಳಿಸಿ, ಇದು ನಿನ್ನ ಚಿಕಿತ್ಸೆಯೆಂದಾರು.” ಈ ಆಕ್ಷೇಪ ಹುಸಿಯಲ್ಲ. ಹಿಂದೆ ಯುರೋಪ್ ಅಮೆರಿಕಗಳ ಮಾನಸಿಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಹೆಸರಿನಿಂದ ರೋಗಿಗಳಿಂದ ಬಿಟ್ಟಿ ದುಡಿಸಿಕೊಂಡದ್ದುಂಟು. ಆದುದರಿಂದ ಕಾಯಕಕ್ಕೂ ದುಡಿತಕ್ಕೂ ಇರುವ ಭೇದವನ್ನು ನಾವು ಮರೆಯಬಾರದು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದದ್ದು. ಅವನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಆಸೆಯನ್ನು ಕುರಿತದ್ದೆಂದು ಈ ಕಥೆಯನ್ನು ನಾವು ವಿವರಿಸುವುದು ವಾಡಿಕೆ. ಅದು ಮಿತಿಯನ್ನು ಕುರಿತದ್ದೂ ಹೌದು. ಕಾಯಕಕ್ಕೆ ಅಳತೆಯುಂಟು, ಅಳತೆ ಮೀರಿದರೆ ಅದು ಕಾಯಕವಲ್ಲ.

ಈ ಮಿತಿಯ ಮಾತನ್ನೇ ನೋವಿನ ಸಂಶೋಧಕರೂ ಬೇರೆ ದಾರಿಯಿಂದ ಕಂಡುಕೊಂಡರು. ಬೆನ್ನುನೋವಿನ ನೇಕಾರನು ನೋವು ಕಡಿಮೆಯಾದ ದಿನ ಬಾಕಿಯ ಕೆಲಸವನ್ನೆಲ್ಲ ಒಮ್ಮೆಗೇ ತೀರಿಸಹೊರಡುತ್ತಾನೆ. ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುತ್ತಾನೆ. ಹೀಗೆ ಏರಿಳಿಯುತ್ತ ಒಟ್ಟಿನಲ್ಲಿ ಶಕ್ತಿ ಕುಂದುತ್ತದೆ, ಕೆಲಸವೆಂದರೆ ಭಯ ಹುಟ್ಟುತ್ತದೆ. ಅಮೆರಿಕದ ವಿಲ್ಬರ್ಟ್ ಫೋರ್ಡೈಸ್ ಎಂಬ ಮನಶ್ಶಾಸ್ತ್ರಜ್ಞರು 1976ರ ತಮ್ಮ ಗ್ರಂಥದಲ್ಲಿ ಸೂಚಿಸಿದ ದಾರಿ ಇದು: ಕೆಲಸವನ್ನೂ ವಿಶ್ರಾಂತಿಯನ್ನೂ ನೋವಿನ ಕೈಗೆ ಒಪ್ಪಿಸಬಾರದು, ಮೊದಲೇ ಗೊತ್ತುಮಾಡಿದ ಅಳತೆಗೆ ಒಪ್ಪಿಸಬೇಕು. ನೇಕಾರನ ಉದಾಹರಣೆಗೆ ಅನ್ವಯಿಸಿದರೆ, ಅವನು ನೋವು ಎಬ್ಬಿಸುವವರೆಗೆ ಕುಳಿತಿರದೆ, ಮೈ ತಾಳುವ ಅವಧಿಯನ್ನು ಕಂಡುಕೊಂಡು, ಅದಕ್ಕೆ ಸ್ವಲ್ಪ ಮುಂಚೆಯೇ ಮಗ್ಗದಿಂದೆದ್ದು ನಾಲ್ಕು ಹೆಜ್ಜೆ ನಡೆಯಬೇಕು. ವಾರ ವಾರಕ್ಕೆ ಆ ಅವಧಿಯನ್ನು ಕಿಂಚಿತ್ತಾಗಿ ಹೆಚ್ಚಿಸಬೇಕು. ಒಳ್ಳೆಯ ದಿನವೆಂದು ಮೀರಬಾರದು, ಕೆಟ್ಟ ದಿನವೆಂದು ಪೂರ್ತಿ ಬಿಡಬಾರದು. ಕುಳಿತುಕೊಳ್ಳುವ ಹಲಗೆಯ ಎತ್ತರ, ಬೆಳಕಿನ ದಿಕ್ಕು, ತುಳಿಯುವ ಹಲಗೆಯ ದೂರ ಇವನ್ನು ಮೈಗೆ ಹೊಂದಿಸಬೇಕು. ಮಗ್ಗಕ್ಕೆ ಮನುಷ್ಯನನ್ನು ಬಗ್ಗಿಸುವುದಲ್ಲ, ಮನುಷ್ಯನಿಗೆ ಮಗ್ಗವನ್ನು ಒಗ್ಗಿಸುವುದು. ಆದರೆ ಹೊಸದಾಗಿ ಬಂದ ತೀವ್ರವಾದ ನೋವನ್ನೂ, ಕೈಕಾಲಿನ ಬಲಹೀನತೆ ಅಥವಾ ಜ್ವರದೊಡನೆ ಬರುವ ನೋವನ್ನೂ ವೈದ್ಯರಿಗೆ ತೋರಿಸದೆ ಇಂಥ ಅಭ್ಯಾಸಕ್ಕೆ ತೊಡಗಕೂಡದು.

ಇನ್ನೊಂದು ಪೂರ್ವಪಕ್ಷ ಇದಕ್ಕಿಂತ ಕಠಿಣವಾದುದು. ಯಾವ ಚಿಕಿತ್ಸೆಯಿಂದಲೂ ಒಂದು ಕಡ್ಡಿಯನ್ನೂ ಎತ್ತಲಾರದವನು, ಕೊನೆಯ ದಿನಗಳನ್ನು ಹಾಸಿಗೆಯಲ್ಲಿ ಕಳೆಯುತ್ತಿರುವವನು ಏನು ಮಾಡಬೇಕು? ಅವನಿಗೂ ಒಂದು ಕೆಲಸ ಹುಡುಕಿಕೊಟ್ಟು ತತ್ತ್ವವನ್ನು ಉಳಿಸಿಕೊಂಡೆವೆಂದು ಸಮಾಧಾನಪಡುವುದು ಪಾಂಡಿತ್ಯವಾದೀತೇ ಹೊರತು ಧರ್ಮವಾಗದು. ನೇರವಾಗಿ ಹೇಳಬೇಕಾದ ಮಾತಿದು: ಮನುಷ್ಯನ ಬೆಲೆಯು ಅವನ ದುಡಿಮೆಯಿಂದ ಹುಟ್ಟಿದುದಲ್ಲ. ಕೆಲಸದಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದುದು ಮನುಷ್ಯನ ಗೌರವವನ್ನು ಎತ್ತುವುದಕ್ಕಾಗಿ. ಕೆಲಸ ಮಾಡಲಾರದವನನ್ನು ಕೆಳಗೆ ತಳ್ಳುವುದಕ್ಕಾಗಿ ಅಲ್ಲ. ಒಳಗಿರುವ ಚೈತನ್ಯವು ಕೈಕಾಲಾಡಿದಾಗ ಇದ್ದು, ಆಡದಾಗ ಇಲ್ಲವಾಗುವುದೇ? ಅವನ ಪಾಲಿನ ಕಾಯಕ ಮುಗಿದಾಗ ನಮ್ಮ ಪಾಲಿನದು ಆರಂಭವಾಗುತ್ತದೆ, ಅದೇ ಶುಶ್ರೂಷೆ. ಅವನು ಕೊಡಬಹುದಾದುದು ಇನ್ನೇನೂ ಉಳಿಯದಿದ್ದರೂ ಅವನು ಹೇಳಬಹುದಾದುದು ಉಳಿದಿರುತ್ತದೆ. ಮಾತೂ ಹೋದರೆ ಮುಖವಿರುತ್ತದೆ, ಕೈಯ ಬಿಗಿತವಿರುತ್ತದೆ. ಅದನ್ನೂ ಕೇಳಲು ಕಲಿಯಬೇಕು.

ಆದುದರಿಂದ ಸಿದ್ಧಾಂತವಿಷ್ಟು. ನೋವುಳ್ಳವನನ್ನು ನಂಬದೆ ದುಡಿಸುವುದು ಹಿಂಸೆ. ನಂಬಿ ಕೈಬಿಡುವುದು ಹಿಂಸೆಯ ಸೌಮ್ಯರೂಪ. ನಂಬಿ, ಕೇಳಿ, ಅವನು ಬಯಸಿದ ಕಾಯಕವನ್ನು ಅವನ ಅಳತೆಗೆ ತಕ್ಕಂತೆ ಮರಳಿ ಕೊಡುವುದು ದಯೆ. ಹಳ್ಳಿಯ ಬಾಗಿಲಿಗೆ ತಜ್ಞರು ಬರುವುದು ಅಪರೂಪವೇ; ಆದರೆ ಕೇಳುವುದಕ್ಕೆ ತಜ್ಞರೇ ಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಬೆನ್ನು ಹಿಡಿದು ಕುಳಿತ ತಂದೆಯಿದ್ದರೆ, ಕೈನೋವೆಂದು ಬರವಣಿಗೆಯಲ್ಲಿ ಹಿಂದೆ ಬೀಳುವ ವಿದ್ಯಾರ್ಥಿ ಶಾಲೆಯಲ್ಲಿದ್ದರೆ, ಮೂರು ಪ್ರಶ್ನೆಗಳನ್ನು ಕೇಳಿರಿ: ನೋವು ಹೇಗಿದೆ? ಅದು ನಿನ್ನಿಂದ ಏನನ್ನು ಕಸಿದುಕೊಂಡಿತು? ಅದರಲ್ಲಿ ಯಾವುದು ನಿನಗೆ ಮೊದಲು ಮರಳಿ ಬೇಕು? ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ.